ಕೊಡಸಿಗೆಯ ತೊಗಟೆ, ಬಿಲ್ವದ ಕಾಯಿ: ಮುಂಬಯಿಯಲ್ಲಿ ಪರೀಕ್ಷೆಗೆ ನಿಂತ ಮನೆಮದ್ದು

ಹೊಟ್ಟೆ ಕೆಟ್ಟಾಗ ಕೊಡುವ ಮದ್ದಿನ ವಿಷಯದಲ್ಲಿ ನಾವು ಕನ್ನಡಿಗರು ಊರಿಗೊಂದು ಮಾತು ಆಡುವವರು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕೊಡಸಿಗೆ ತೊಗಟೆಯ ಕಷಾಯಕ್ಕೆ ಮೊದಲ ಮಣೆ. ಕೆಲವೆಡೆ ಬಿಲ್ವದ ಎಳೆಗಾಯಿ. ಇನ್ನು ಕೆಲವೆಡೆ ಪೇರಲೆ, ಸೀಬೆ, ಚೇಪೆ ಎಂದು ಬೇರೆ ಬೇರೆ ಹೆಸರಿನಲ್ಲಿ ಕರೆಯುವ ಒಂದೇ ಮರದ ಚಿಗುರು. ಮುಂಬಯಿಗೆ ಬಂದು ನೆಲೆಸಿದ ಮೇಲೆ ಈ ಮರಗಳು ಕಣ್ಣಿಗೆ ಬೀಳುವುದು ಅಪರೂಪವಾಯಿತು; ಕೆಳಗಿಳಿದರೆ ಔಷಧದ ಅಂಗಡಿ, ಅಲ್ಲಿ ಮಾತ್ರೆ. ಆದರೂ ಮನೆಯಲ್ಲಿ ಮಗುವಿಗೆ ಭೇದಿ ಹತ್ತಿದ ದಿನ ಹಳೆಯ ವಾದ ಮತ್ತೆ ತಲೆಯೆತ್ತುತ್ತದೆ. ಹಿರಿಯರು ಕಷಾಯ ಎನ್ನುತ್ತಾರೆ. ಕಿರಿಯರು, ಅದು ನಿಜವಾಗಿ ಗುಣ ಕೊಡುತ್ತದೆ ಎನ್ನುವುದಕ್ಕೆ ಆಧಾರವೇನು ಎಂದು ಕೇಳುತ್ತಾರೆ.

ಈ ಪ್ರಶ್ನೆ ಇಂದಿನದಲ್ಲ. ನಾವು ಅನ್ನಕ್ಕಾಗಿ ಬಂದು ಸೇರಿರುವ ಈ ಮಹಾನಗರದಲ್ಲೇ, ಇದು ಇನ್ನೂ ತೆಂಗಿನ ತೋಟಗಳ ದ್ವೀಪವಾಗಿದ್ದ ಕಾಲದಿಂದ ಅದನ್ನು ಕೇಳುತ್ತ ಬಂದಿದ್ದಾರೆ. ಹದಿನಾರನೆಯ ಶತಮಾನದ ಒಬ್ಬ ಪೋರ್ಚುಗೀಸ್ ವೈದ್ಯನಿಂದ ಹಿಡಿದು ನಮ್ಮ ಕಾಲದ ವರ್ಲಿಯ ಪ್ರಯೋಗಶಾಲೆಯವರೆಗೆ ಆ ಪರೀಕ್ಷೆಯ ಕಥೆ ಹರಿದು ಬಂದಿದೆ. ಅದನ್ನು ತುಸು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮುಂಬಯಿಯ ಗೇಣಿದಾರ

ಗಾರ್ಸಿಯಾ ದ ಓರ್ತಾ ಎಂಬ ವೈದ್ಯ 1534ರಲ್ಲಿ ಗೋವೆಗೆ ಬಂದಿಳಿದ. ಪೋರ್ಚುಗಲಿನಲ್ಲಿ ಒತ್ತಾಯದಿಂದ ಕ್ರೈಸ್ತರಾದ ಯಹೂದಿ ಮನೆತನದವನು. ಗೋವೆಯಲ್ಲಿ ಅವನ ವೈದ್ಯವೃತ್ತಿ ಬೆಳೆಯಿತು. ಅಹಮದನಗರದ ಬುರ್ಹಾನ್ ನಿಜಾಮ್ ಶಾಹನ ಆಸ್ಥಾನದಲ್ಲೂ ಅವನಿಗೆ ಮನ್ನಣೆ ದೊರೆಯಿತು. ಸುಮಾರು 1554ರಲ್ಲಿ ಪೋರ್ಚುಗೀಸ್ ಆಡಳಿತ ಮುಂಬಯಿ ದ್ವೀಪವನ್ನು ಅವನಿಗೆ ಗೇಣಿಗೆ ಕೊಟ್ಟಿತು. ಇಲ್ಲಿ ಅವನ ಮನೆಯೂ ತೋಟವೂ ಇದ್ದವು. ವರ್ಷಕ್ಕೆ ಎರಡು ಸಲ ಫಲ ಬಿಡುತ್ತಿದ್ದ ಇಲ್ಲಿಯ ತನ್ನ ಮಾವಿನ ಮರದ ಬಗ್ಗೆ ಅವನು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಅವನ ಗ್ರಂಥ 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಭಾರತದ ಮೂಲಿಕೆ, ಔಷಧಿಗಳನ್ನು ಕುರಿತ ಸಂಭಾಷಣೆಗಳು ಅದರಲ್ಲಿವೆ. ಒಂದು ಕಡೆ ಓರ್ತಾ ತಾನೇ. ಇನ್ನೊಂದು ಕಡೆ ರುಆನೋ ಎಂಬ ಕಲ್ಪಿತ ಸ್ಪ್ಯಾನಿಷ್ ವೈದ್ಯ. ರುಆನೋ ಹಳೆಯ ಗ್ರೀಕ್ ಗ್ರಂಥಗಳನ್ನು ಮುಂದಿಟ್ಟು ಪ್ರಶ್ನೆ ಹಾಕುತ್ತಾನೆ. ಓರ್ತಾ ತಾನು ಈ ನೆಲದಲ್ಲಿ ಕಣ್ಣಾರೆ ಕಂಡದ್ದನ್ನು ಮುಂದಿಡುತ್ತಾನೆ. ಕಾಲರಾ ಬೇನೆಯ ವರ್ಣನೆಯನ್ನು ಭಾರತದಿಂದ ಬರೆದ ಮೊದಲ ಯುರೋಪಿಯನ್ನರಲ್ಲಿ ಅವನೊಬ್ಬ. ಇಲ್ಲಿಯ ಜನ ಆ ಬೇನೆಯನ್ನು ಕರೆಯುತ್ತಿದ್ದ 'ಮೋಡಶಿ' ಎಂಬ ಮಾತು ಮುಂದೆ ಫ್ರೆಂಚರ ಬಾಯಲ್ಲಿ ತಿರುಚಿಕೊಂಡು, ಅವರ ಭಾಷೆಯಲ್ಲಿ 'ನಾಯಿಯ ಸಾವು' ಎಂಬ ಅರ್ಥ ಬರುವ ಶಬ್ದವಾಯಿತು. ಆ ಬೇನೆಯ ಭೀಕರತೆಗೆ ತಪ್ಪು ಅರ್ಥವೂ ಒಪ್ಪಿಬಿಟ್ಟಿತು.

ಅತಿಸಾರಕ್ಕೆ ಈ ನಾಡಿನವರು ಬಳಸುವ ಮದ್ದುಗಳೆಂದು ಓರ್ತಾ ಹೇಳುವವುಗಳಲ್ಲಿ ಎರಡು ನಮಗೆ ಪರಿಚಿತ. ಅವನು 'ಮಲಬಾರಿನ ಮೂಲಿಕೆ' ಎಂದು ಕರೆದದ್ದು ಕೊಡಸಿಗೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. 'ಬಂಗಾಳದ ಮಾರ್ಮೆಲೊ' ಎಂದದ್ದು ಬಿಲ್ವ. ಮಾರ್ಮೆಲೊ ಎಂಬುದು ಪೋರ್ಚುಗಲ್ಲಿನ ಒಂದು ಹಣ್ಣಿನ ಹೆಸರು. ಬಿಲ್ವದ ಸಸ್ಯಶಾಸ್ತ್ರೀಯ ನಾಮವಾದ 'ಈಗಲ್ ಮಾರ್ಮೆಲೋಸ್'ನಲ್ಲಿ ಅದು ಇಂದಿಗೂ ಉಳಿದಿದೆ. ತನ್ನ ದೇಶದ ಔಷಧಿ ಫಲಿಸದಿದ್ದಾಗ ಈ ನೆಲದ ವೈದ್ಯರ ಔಷಧಿಗೆ ಕೈಹಾಕುತ್ತೇನೆಂದು ಅವನು ಮರೆಮಾಚದೆ ಬರೆದಿದ್ದಾನೆ. ಇದೇ ಅಂದಿನ ಪರೀಕ್ಷೆ: ರೋಗಿಗೆ ಕೊಟ್ಟು ನೋಡುವುದು, ಗುಣವಾದರೆ ಬರೆದಿಡುವುದು. ಕಂಡದ್ದನ್ನು ಕಂಡಂತೆ ಹೇಳಿದವನಿಗೆ ಸತ್ತ ಮೇಲೂ ನೆಮ್ಮದಿ ದೊರೆಯಲಿಲ್ಲ. 1568ರಲ್ಲಿ ತೀರಿಕೊಂಡ ಅವನು ಗುಟ್ಟಾಗಿ ಯಹೂದಿಯೇ ಆಗಿದ್ದನೆಂದು ಗೋವೆಯ ಇನ್‌ಕ್ವಿಜಿಷನ್ ತೀರ್ಮಾನಿಸಿ, 1580ರಲ್ಲಿ ಅವನ ಅಸ್ಥಿಗಳನ್ನು ಅಗೆಸಿ ಸುಟ್ಟಿತು.

ಶಾಸ್ತ್ರದ ಮಾತು

ಓರ್ತಾ ಕೇಳಿ ತಿಳಿದದ್ದು ಇಲ್ಲಿಯ ವೈದ್ಯರಿಗೆ ಹಳೆಯ ಪಾಠ. ಚರಕ, ಸುಶ್ರುತ, ವಾಗ್ಭಟ ಮೂವರೂ ಅತಿಸಾರದ ಪ್ರಕರಣದಲ್ಲಿ ಕುಟಜವನ್ನು ಹೇಳುತ್ತಾರೆ. ಕುಟಜವೆಂದರೆ ನಮ್ಮ ಕೊಡಸಿಗೆ, ಮರಾಠಿಯ ಕುಡಾ, ಬಂಗಾಳದ ಕುರ್ಚಿ. ಕಣಗಿಲೆಯ ಕುಟುಂಬಕ್ಕೆ ಸೇರಿದ ಸಣ್ಣ ಮರ, ಬಿಳಿಯ ಪರಿಮಳದ ಹೂವು, ಜೋಡಿಜೋಡಿಯಾಗಿ ಇಳಿಬಿದ್ದ ಉದ್ದನೆಯ ಕಾಯಿ, ನಾಲಿಗೆ ಸುರುಟುವಷ್ಟು ಕಹಿಯಾದ ತೊಗಟೆ. ಹೂವನ್ನು ಒಣಗಿಸಿಟ್ಟುಕೊಂಡು ತಂಬುಳಿ ಮಾಡುವ ಮನೆಗಳು ಮಲೆನಾಡಿನಲ್ಲೂ ಕರಾವಳಿಯಲ್ಲೂ ಇವೆ. ಬೀಜವನ್ನು ಇಂದ್ರಜವ ಎನ್ನುತ್ತಾರೆ. ಕುಟಜಾರಿಷ್ಟವನ್ನು ಆಯುರ್ವೇದದ ಅಂಗಡಿಯಲ್ಲಿ ಕೇಳಿದರೆ ಇಂದಿಗೂ ಕೊಡುತ್ತಾರೆ.

ಅತಿಸಾರದ ಚಿಕಿತ್ಸೆಯಲ್ಲಿ ಚರಕ ಸಂಹಿತೆ ಕೊಡುವ ಒಂದು ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು. ದೋಷ ಇನ್ನೂ ಪಕ್ವವಾಗದ ಆಮದ ಸ್ಥಿತಿಯಲ್ಲಿ, ಆರಂಭದಲ್ಲೇ ಭೇದಿಯನ್ನು ಕಟ್ಟುವ ಔಷಧಿಯನ್ನು ಕೊಡಬಾರದು ಎನ್ನುತ್ತದೆ ಅದು. ಅಂದರೆ ಭೇದಿ ನಿಂತಿತು ಎಂಬ ಒಂದೇ ಮಾತಿನಿಂದ ಔಷಧಿ ಒಳ್ಳೆಯದೆಂದು ಹೇಳಲಾಗದು. ಯಾವಾಗ ನಿಲ್ಲಿಸಿದೆವು ಎಂಬುದೂ ಮುಖ್ಯ. ಕರುಳಿನ ಚಲನೆಯನ್ನು ತಡೆಯುವ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೂ ರಕ್ತಭೇದಿಯಿದ್ದವರಿಗೂ ಕೊಡಬೇಡಿ ಎಂದು ಇಂದಿನ ವೈದ್ಯರು ಹೇಳುವುದು ಈ ಮಾತಿಗೆ ಹತ್ತಿರವಾಗಿದೆ.

ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿದ್ದುಕೊಂಡು ಸಿದ್ಧಪಡಿಸಿದ 'ಹೋರ್ತುಸ್ ಮಲಬಾರಿಕುಸ್' ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಮೊದಲ ಸಂಪುಟದಲ್ಲೇ 'ಕೊಡಗಪಾಲ' ಎಂಬ ಮಲೆಯಾಳಿ ಹೆಸರಿನಿಂದ ಈ ಮರದ ಚಿತ್ರವಿದೆ. ಆ ಗ್ರಂಥಕ್ಕೆ ನೆರವಾದ ಈಳವ ವೈದ್ಯ ಇಟ್ಟಿ ಅಚ್ಯುತನ್ ಒಬ್ಬ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಇನ್ನೊಂದು ಕಡೆ. ಈ ಮೂವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿಯ ಪ್ರಮಾಣಪತ್ರ ಗ್ರಂಥದ ಆರಂಭದಲ್ಲಿ ಅಚ್ಚಾಗಿದೆ.

ಹೆಸರು ಒಂದು, ಮರ ಎರಡು

ಹದಿನೆಂಟನೆಯ ಶತಮಾನದಲ್ಲಿ ಕೊಡಸಿಗೆಯ ತೊಗಟೆ 'ಕೊನೆಸಿ ತೊಗಟೆ', 'ತಲಚೇರಿ ತೊಗಟೆ' ಎಂಬ ಹೆಸರುಗಳಲ್ಲಿ ಹಡಗು ಹತ್ತಿ ಬ್ರಿಟನ್ನಿಗೆ ಹೋಯಿತು. ಮೊದಲು ಹೊಗಳಿದರು. ಬಳಿಕ ಕೆಲವರಿಗೆ ಗುಣ ಕಂಡಿತು, ಹಲವರಿಗೆ ಕಾಣಲಿಲ್ಲ. ಕ್ರಮೇಣ ಅದರ ಹೆಸರು ಕೆಟ್ಟಿತು.

ಕಾರಣ ಮರದಲ್ಲಿರಲಿಲ್ಲ, ಮೂಟೆಯಲ್ಲಿತ್ತು. ಅದೇ ಕುಟುಂಬಕ್ಕೆ ಸೇರಿದ, ನೋಡಲು ಬಹುಮಟ್ಟಿಗೆ ಹಾಗೆಯೇ ಇರುವ 'ರೈಟಿಯಾ' ಎಂಬ ಇನ್ನೊಂದು ಮರವುಂಟು. ಅದರ ತೊಗಟೆ ಕೊಡಸಿಗೆಯ ತೊಗಟೆಯೊಡನೆ ಬೆರೆತು, ಹಲವು ಸಲ ಅದರ ಬದಲಿಗೇ ಮಾರಾಟವಾಗುತ್ತಿತ್ತು. ಸಸ್ಯಶಾಸ್ತ್ರಜ್ಞರ ನಾಮಕರಣದಲ್ಲೂ ಇವೆರಡೂ ಬಹುಕಾಲ ಕಲಸಿಹೋಗಿದ್ದವು. ಮುಂಬಯಿಯ ಗಂಧಿಗೆ ಅಂಗಡಿಗಳಲ್ಲಿ ಇಂದಿಗೂ ಕಹಿ ಇಂದ್ರಜವ, ಸಿಹಿ ಇಂದ್ರಜವ ಎಂದು ಎರಡು ಬಗೆ ಸಿಗುವುದುಂಟು. ಕಹಿಯದು ಕೊಡಸಿಗೆ; ಸಿಹಿಯದು ರೈಟಿಯಾ.

ವಲಸೆ ಬಂದ ನಮಗೆ ಈ ಪಾಠ ಬಹಳ ಹತ್ತಿರದ್ದು. ಕನ್ನಡದಲ್ಲಿ ಬೇಲವೆಂದರೆ ರಾಮನವಮಿಗೆ ಪಾನಕ ಮಾಡುವ ಹಣ್ಣು. ಅದನ್ನು ಮರಾಠಿಯವರು ಕವಠ ಎನ್ನುತ್ತಾರೆ. ಮರಾಠಿ, ಹಿಂದಿಯಲ್ಲಿ ಬೇಲ್ ಎಂದರೆ ನಮ್ಮ ಬಿಲ್ವ. ಊರಿನಿಂದ ಅತ್ತೆಯವರು ದೂರವಾಣಿಯಲ್ಲಿ ಹೇಳಿದ್ದು ಒಂದು, ದಾದರಿನ ಮಾರುಕಟ್ಟೆಯಲ್ಲಿ ಕೇಳಿ ತಂದದ್ದು ಇನ್ನೊಂದು ಆಗಲು ಇಷ್ಟು ಸಾಕು. ಯಾವ ಪರೀಕ್ಷೆಗಾದರೂ ಮೊದಲ ಮೆಟ್ಟಿಲು ಗಿಡವನ್ನು ಸರಿಯಾಗಿ ಗುರುತಿಸುವುದು.

ಕೊಡಸಿಗೆಯ ಕಹಿಯನ್ನು ರಸಾಯನಶಾಸ್ತ್ರದ ಒರೆಗೆ ಹಚ್ಚಿದ ಮೊದಲ ಕೆಲಸವೂ ಮುಂಬಯಿಯದೇ. 1858ರಲ್ಲಿ ಇಲ್ಲಿಯ ಡಾ. ಹೈನ್ಸ್ ತೊಗಟೆಯಿಂದ ಒಂದು ಕ್ಷಾರಗುಣದ ವಸ್ತುವನ್ನು ಬೇರ್ಪಡಿಸಿ, ಇಲ್ಲಿಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಮುಂದೆ 'ಕೊನೆಸಿನ್' ಎಂದು ಪ್ರಸಿದ್ಧವಾಯಿತು. ಒಣಗಿದ ಬಿಲ್ವದ ಕಾಯಿ 1867ರ ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ ಸ್ಥಾನ ಪಡೆಯಿತು. ಮುಂದೆ ಅದನ್ನು ಕೈಬಿಟ್ಟರು. ಮುಂಬಯಿಯಲ್ಲಿ ಸರ್ಕಾರಿ ಔಷಧ ಉಗ್ರಾಣದ ಹೊಣೆ ಹೊತ್ತಿದ್ದ ವಿಲಿಯಂ ಡೈಮಾಕ್ ಇಬ್ಬರು ಜೊತೆಗಾರರೊಡನೆ 1890ರಿಂದ 1893ರವರೆಗೆ ಹೊರತಂದ 'ಫಾರ್ಮಕೋಗ್ರಾಫಿಯಾ ಇಂಡಿಕಾ' ಗ್ರಂಥದಲ್ಲಿ, ಈ ಮೂಲಿಕೆಗಳ ಗುಣಗಳ ಜೊತೆಗೆ ಪೇಟೆಯಲ್ಲಿ ಅವಕ್ಕಿದ್ದ ಹೆಸರುಗಳೂ ದಾಖಲಾದವು.

ಬೇನೆ ಒಂದಲ್ಲ

ಈ ನಡುವೆ ಅತಿಸಾರವೆಂಬ ಬೇನೆಯೇ ವಿಜ್ಞಾನಿಗಳ ಕಣ್ಣೆದುರು ಹಲವು ತುಂಡಾಯಿತು. 1875ರಲ್ಲಿ ರಷ್ಯದ ಲೋಶ್ ಆಮಶಂಕೆಯ ರೋಗಿಯ ಮಲದಲ್ಲಿ ಅಮೀಬಾ ಕಂಡ. 1884ರಲ್ಲಿ ರಾಬರ್ಟ್ ಕಾಖ್ ಕಲಕತ್ತೆಯಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನು ದೃಢಪಡಿಸಿದ. 1897ರಲ್ಲಿ ಜಪಾನಿನ ಶಿಗಾ ಇನ್ನೊಂದು ಬಗೆಯ ಆಮಶಂಕೆಗೆ ಕಾರಣವಾದ ಬ್ಯಾಕ್ಟೀರಿಯಾ ಕಂಡುಹಿಡಿದ. ಹೊರಗಿನಿಂದ ನೋಡಿದರೆ ಒಂದೇ ಬೇನೆ. ಒಳಗೆ ಕಾರಣ ಬೇರೆ ಬೇರೆ. ಹೀಗಿರುವಾಗ ಒಂದು ತೊಗಟೆ ಒಬ್ಬನಿಗೆ ಫಲಿಸಿ ಇನ್ನೊಬ್ಬನಿಗೆ ಫಲಿಸದಿದ್ದರೆ ಅದರಲ್ಲಿ ಅಚ್ಚರಿಯೇನು?

ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಅವರ ಸಂಗಡಿಗರು 1920ರ ದಶಕದಲ್ಲಿ ಕೊಡಸಿಗೆಯನ್ನು ಮತ್ತೆ ಕೈಗೆತ್ತಿಕೊಂಡದ್ದು ಈ ಹೊಸ ತಿಳಿವಳಿಕೆಯೊಡನೆ. ಅಸಲಿ ತೊಗಟೆ ಆರಿಸಿದರು, ಅದರ ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು, ರೋಗಿಯ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಬಗೆಯ ಆಮಶಂಕೆ ಎಂದು ಖಚಿತಪಡಿಸಿಕೊಂಡ ಮೇಲೆ ಔಷಧಿ ಕೊಟ್ಟರು. ಅಮೀಬಾದ ಆಮಶಂಕೆಯಲ್ಲಿ, ವಿಶೇಷವಾಗಿ ಹಳೆಯದಾಗಿ ಬೇರೂರಿದ್ದರಲ್ಲಿ, ಇದು ಉಪಯುಕ್ತವೆಂದು ಕಂಡುಬಂತು. 1933ರಲ್ಲಿ ಚೋಪ್ರಾ ಪ್ರಕಟಿಸಿದ ಭಾರತೀಯ ಮೂಲಿಕೆಗಳ ಗ್ರಂಥದಲ್ಲಿ ಕುರ್ಚಿಗೆ ಗೌರವದ ಸ್ಥಾನವಿದೆ. ಕುರ್ಚಿಯ ಆಲ್ಕಲಾಯ್ಡನ್ನು ಬಿಸ್ಮತ್ ಅಯೋಡೈಡಿನೊಡನೆ ಸೇರಿಸಿದ ಔಷಧಿಯೂ ಬಳಕೆಗೆ ಬಂತು.

ಮುಂದೆ ಶುದ್ಧ ಕೊನೆಸಿನ್ನನ್ನೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ರೋಗಿಗಳಿಗೆ ನಿದ್ರೆಗೇಡು, ತಳಮಳ, ಮನಸ್ಸಿನ ಕಲಕು ಮೊದಲಾದ ತೊಂದರೆಗಳು ಕಾಣಿಸಿಕೊಂಡವು. ಗಿಡಮೂಲಿಕೆಯಿಂದ ಬಂದದ್ದು ಎಂದಮಾತ್ರಕ್ಕೆ ನಿರಪಾಯವಲ್ಲ ಎಂಬುದು ಇದರಿಂದ ತಿಳಿಯಿತು. 1966ರಲ್ಲಿ ಮೆಟ್ರೊನಿಡಜೋಲ್ ಅಮೀಬಾ ರೋಗಕ್ಕೆ ಮದ್ದಾಗಿ ಗೆದ್ದಿತು. ಆಸ್ಪತ್ರೆಗಳಿಂದ ಕುರ್ಚಿ ಹಿಂದೆ ಸರಿಯಿತು.

ಪರೇಲಿನ ಮರಿಮೊಲಗಳು

ಈಗ ಮತ್ತೆ ಮುಂಬಯಿಗೆ ಬರೋಣ. 1896ರ ಪ್ಲೇಗಿನ ಕಾಲದಲ್ಲಿ ವಾಲ್ಡೆಮಾರ್ ಹಾಫ್ಕಿನ್ ಇಲ್ಲಿ ಆರಂಭಿಸಿದ ಪ್ರಯೋಗಶಾಲೆ 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು. 1925ರಿಂದ ಅದು ಹಾಫ್ಕಿನ್ ಸಂಸ್ಥೆ. ಗಿರಣಿಗಳ ಪರೇಲಿನಲ್ಲಿ ದುಡಿದ ನಮ್ಮವರಿಗೆ ಅದರ ಗೋಡೆ ಪರಿಚಿತ. ಒಳಗೆ ನಡೆದದ್ದು ಅಷ್ಟು ಪರಿಚಿತವಲ್ಲ.

ಕಾಲರಾಕ್ಕೆ ಔಷಧಿ ಪರೀಕ್ಷಿಸಲು ಒಂದು ದೊಡ್ಡ ಅಡ್ಡಿಯಿತ್ತು: ಪ್ರಾಣಿಗಳಿಗೆ ಆ ರೋಗ ಸುಲಭವಾಗಿ ಬರುವುದಿಲ್ಲ. 1955ರಲ್ಲಿ ಎನ್. ಕೆ. ದತ್ತ ಮತ್ತು ಎಂ. ಕೆ. ಹಬ್ಬು ಎಳೆಯ ಮೊಲದ ಮರಿಗಳಲ್ಲಿ ಮನುಷ್ಯರ ಕಾಲರಾವನ್ನೇ ಹೋಲುವ ಬೇನೆ ಬರಿಸುವ ವಿಧಾನವನ್ನು ಪ್ರಕಟಿಸಿದರು. 1959ರಲ್ಲಿ ದತ್ತ, ಪಾನ್ಸೆ, ಕುಲಕರ್ಣಿ ಮೂವರೂ ಜೀವಂತ ಬ್ಯಾಕ್ಟೀರಿಯಾ ಇಲ್ಲದೆಯೂ, ಅದರಿಂದ ತೆಗೆದ ವಿಷದಿಂದಲೇ ಮರಿಮೊಲಗಳಲ್ಲಿ ಕಾಲರಾ ಲಕ್ಷಣ ಬರುವುದನ್ನು ತೋರಿಸಿದರು. ಅದೇ ವರ್ಷ ಕಲಕತ್ತೆಯಲ್ಲಿ ಶಂಭುನಾಥ ಡೇ ಬೇರೆ ವಿಧಾನದಿಂದ ಅದೇ ಸತ್ಯವನ್ನು ಸಾಧಿಸಿದರು. ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆದು ಒಳಹೋಗುವುದಿಲ್ಲ. ಗೋಡೆಗೆ ಅಂಟಿ ಕುಳಿತು ವಿಷ ಸುರಿಸುತ್ತದೆ. ಆ ವಿಷ ಕರುಳಿನ ಜೀವಕೋಶವನ್ನು ಹಿಡಿದುಕೊಂಡಿತೆಂದರೆ ದೇಹದ ಉಪ್ಪು, ನೀರು ತಡೆಯಿಲ್ಲದೆ ಹೊರಕ್ಕೆ ಹರಿಯುತ್ತದೆ.

ಮೂಲಿಕೆಯ ಪರೀಕ್ಷೆಗೆ ಈ ಸಂಗತಿ ಹೊಸ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಕೇಳುತ್ತಿದ್ದದ್ದು, 'ಇದು ರೋಗಾಣುವನ್ನು ಕೊಲ್ಲುತ್ತದೆಯೆ?' ಎಂದು. ಇನ್ನು ಮೇಲೆ, 'ವಿಷದ ಕೆಲಸಕ್ಕೆ ಅಡ್ಡಿ ಬರುತ್ತದೆಯೆ?' ಎಂದೂ ಕೇಳಬಹುದಾಯಿತು. 1962ರಲ್ಲಿ ದತ್ತ ಮತ್ತು ಪಾನ್ಸೆ, ದಾರುಹರಿದ್ರಾ ಎಂಬ ಮರದರಿಶಿನದಲ್ಲಿರುವ ಬರ್ಬೆರಿನ್ ಎಂಬ ಹಳದಿ ವಸ್ತು ಕಾಲರಾ ಬರಿಸಿದ ಮರಿಮೊಲಗಳಿಗೆ ಉಪಯೋಗವಾಗುವುದನ್ನು ವರದಿ ಮಾಡಿದರು. 1982ರಲ್ಲಿ ಸ್ಯಾಕ್ ಮತ್ತು ಫ್ರೋಲಿಕ್ ಎಂಬ ಅಮೆರಿಕದ ಸಂಶೋಧಕರು, ಆ ವಸ್ತು ವಿಷದ ಪ್ರಭಾವದಿಂದ ಕರುಳು ನೀರು ಸುರಿಸುವುದನ್ನು ತಗ್ಗಿಸುತ್ತದೆ ಎಂದು ಪ್ರಾಣಿಗಳಲ್ಲಿ ತೋರಿಸಿದರು.

ಮನುಷ್ಯರ ಮೇಲಿನ ಪರೀಕ್ಷೆ ಢಾಕಾದಲ್ಲಿ ನಡೆಯಿತು. 1987ರಲ್ಲಿ ಪ್ರಕಟವಾದ ರಬ್ಬಾನಿ ಮತ್ತು ಸಂಗಡಿಗರ ಪ್ರಯೋಗದಲ್ಲಿ 165 ವಯಸ್ಕ ರೋಗಿಗಳಿದ್ದರು. ಯಾರಿಗೆ ಬರ್ಬೆರಿನ್, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ವಿಷದಿಂದ ಭೇದಿಯಾದವರಲ್ಲಿ, ಒಂದೇ ಸಲ 400 ಮಿಲಿಗ್ರಾಂ ತೆಗೆದುಕೊಂಡವರ ಪೈಕಿ ಶೇ. 42 ಮಂದಿಗೆ 24 ಗಂಟೆಯೊಳಗೆ ಭೇದಿ ನಿಂತಿತು, ತೆಗೆದುಕೊಳ್ಳದವರಲ್ಲಿ ಶೇ. 20 ಮಂದಿಗೆ. ಕಾಲರಾ ರೋಗಿಗಳಲ್ಲಿ ಮಾತ್ರ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಮೊಲದ ಮರಿಗೆ ಒದಗಿದ್ದು ಮನುಷ್ಯನಿಗೆ ಅಷ್ಟೇ ಒದಗಲಿಲ್ಲ. ಶೇ. 20 ಎಂಬ ಅಂಕಿಯನ್ನೂ ಗಮನಿಸಬೇಕು. ಮದ್ದಿಲ್ಲದೆಯೇ ಐವರಲ್ಲಿ ಒಬ್ಬರಿಗೆ ಒಂದು ದಿನದಲ್ಲಿ ಭೇದಿ ನಿಂತಿದೆ. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ ಆ ಕೀರ್ತಿಯೂ ಔಷಧಿಗೇ ಸೇರಿಬಿಡುತ್ತಿತ್ತು.

ನೀರು ಗೆದ್ದ ಕಥೆ

ಇಷ್ಟರಲ್ಲಿ ಲಕ್ಷಾಂತರ ಜೀವ ಉಳಿಸಿದ ಮದ್ದು ಬೇರೆ ದಿಕ್ಕಿನಿಂದ ಬಂದಿತ್ತು. ಅತಿಸಾರದಲ್ಲಿ ಮನುಷ್ಯ ಸಾಯುವುದು ಹೆಚ್ಚಾಗಿ ದೇಹದ ನೀರು, ಉಪ್ಪು ಬತ್ತಿಹೋಗುವುದರಿಂದ. ಸಕ್ಕರೆ ಜೊತೆಗಿದ್ದರೆ ಭೇದಿಯ ನಡುವೆಯೂ ಕರುಳು ಉಪ್ಪು, ನೀರನ್ನು ಹೀರಿಕೊಳ್ಳುತ್ತದೆ. 1968ರಲ್ಲಿ ಢಾಕಾದಲ್ಲಿ ನ್ಯಾಲಿನ್, ಕ್ಯಾಶ್ ಮೊದಲಾದವರು ಇದನ್ನು ರೋಗಿಗಳಲ್ಲಿ ತೋರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪುಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಸುಮಾರಿನಲ್ಲಿದ್ದ ಸಾವು ಅವರ ಚಿಕಿತ್ಸೆಯಲ್ಲಿ ಶೇ. 3.6ಕ್ಕೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಬಂತು. ಸಕ್ಕರೆಯ ಬದಲು ಅಕ್ಕಿಯ ಗಂಜಿಯಿಂದಲೂ ಇದನ್ನು ಮಾಡಬಹುದೆಂದು 1980ರ ದಶಕದಲ್ಲಿ ಢಾಕಾದ ವೈದ್ಯರು ತೋರಿಸಿಕೊಟ್ಟರು. ಉಪ್ಪು ಹಾಕಿದ ಗಂಜಿತಿಳಿ ಕುಡಿಸುವ ನಮ್ಮ ಮನೆಗಳ ಪದ್ಧತಿಗೆ ಇದು ನೆಂಟನೇ ಸರಿ.

ವರ್ಲಿಯ ಉತ್ತರ

ಭೇದಿಯ ಮೂಲಿಕೆಗಳನ್ನು ಪರೀಕ್ಷಿಸುವ ಸಾಮಾನ್ಯ ವಿಧಾನಗಳು ಎರಡು. ಒಂದು, ಪಾಚಿಯಿಂದ ತೆಗೆದ ಅಗರ್ ಎಂಬ ಅಂಟನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಮೇಲೆ ಬ್ಯಾಕ್ಟೀರಿಯಾ ಬಿತ್ತಿ, ನಡುವೆ ಮೂಲಿಕೆಯ ಸಾರ ಇಡುವುದು. ಸಾರಕ್ಕೆ ಕೊಲ್ಲುವ ಶಕ್ತಿಯಿದ್ದರೆ ಸುತ್ತ ಬಳೆಯಂತೆ ಖಾಲಿ ಜಾಗ ಉಳಿಯುತ್ತದೆ. ಎರಡು, ಇಲಿಗೆ ಹರಳೆಣ್ಣೆ ಕುಡಿಸಿ ಭೇದಿ ಬರಿಸಿ, ಸಾರ ಕೊಟ್ಟ ಇಲಿಗಳಿಗೂ ಕೊಡದ ಇಲಿಗಳಿಗೂ ವ್ಯತ್ಯಾಸ ನೋಡುವುದು. ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಕೊಡಸಿಗೆ ಬೀಜದ ಆಲ್ಕಲಾಯ್ಡುಗಳನ್ನು ಈ ಎರಡೂ ಬಗೆಯಿಂದ ನೋಡಿ, ಮಕ್ಕಳಿಗೆ ಭೇದಿ ತರುವ ಒಂದು ಬಗೆಯ ಇ. ಕೋಲಿಯ ಮೇಲೂ ಹರಳೆಣ್ಣೆಯ ಭೇದಿಯ ಮೇಲೂ ಪರಿಣಾಮವಿದೆ ಎಂದು ಪ್ರಕಟಿಸಿದರು.

ಬಿಲ್ವದ ಸರದಿ ಬಂದದ್ದು ವರ್ಲಿಯಲ್ಲಿ. ಪ್ಲಾಸ್ಟಿಕ್ ಶಸ್ತ್ರವೈದ್ಯರಾಗಿ ಹೆಸರು ಮಾಡಿ, ಹಳ್ಳಿಗಳ ಆರೋಗ್ಯಕ್ಕೆ ಬದುಕು ಮುಡಿಪಿಟ್ಟ ಡಾ. ನೋಶಿರ್ ಆಂಟಿಯಾ ಕಟ್ಟಿದ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ ಅಲ್ಲಿದೆ. ಅಲ್ಲಿಯ ತನಾಜ್ ಬಿರ್ದಿ, ಪೂನಂ ದಾಸವಾನಿ, ಎಸ್. ಬ್ರಿಜೇಶ್ ಮೊದಲಾದವರು ಆಂಟಿಯಾ ಅವರೊಡನೆ ಕೈಗೊಂಡ ಸಂಶೋಧನೆ, ಆಂಟಿಯಾ ಕಾಲವಾದ ಎರಡು ವರ್ಷಗಳ ನಂತರ, 2009ರಲ್ಲಿ ಪ್ರಕಟವಾಯಿತು.

ಅವರು ಮದ್ಯಸಾರದಲ್ಲೋ ಬೇರೆ ದ್ರಾವಣದಲ್ಲೋ ಸಾರ ಇಳಿಸಲಿಲ್ಲ. ಮನೆಯಲ್ಲಿ ಮಾಡುವಂತೆ ಕಷಾಯವನ್ನೇ ಕಾಯಿಸಿದರು: ಒಣಗಿದ ಬಿಲ್ವದ ಕಾಯಿಯ ತಿರುಳಿನ ಪುಡಿ ಒಂದು ಪಾಲು, ನೀರು ಹದಿನಾರು ಪಾಲು, ಕುದಿಸಿ ನಾಲ್ಕು ಪಾಲಿಗೆ ಇಳಿಸುವುದು. ಬಳಸಿದ್ದು ಹಣ್ಣಲ್ಲ, ಕಾಯಿ. ಬಿಲ್ವದ ಹಣ್ಣು ಹೊಟ್ಟೆ ಸಡಿಲಿಸುತ್ತದೆ, ಕಾಯಿ ಕಟ್ಟುತ್ತದೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಸಂಗತಿ.

ಆ ಕಷಾಯವನ್ನು ಕಾಲರಾ, ಇ. ಕೋಲಿ, ಶಿಗೆಲ್ಲಾ ಸೇರಿದಂತೆ ಆರು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಹಾಕಿ ನೋಡಿದರು. ಆರರಲ್ಲಿ ಒಂದೂ ಸಾಯಲಿಲ್ಲ.

ಪರೀಕ್ಷೆ ಅಲ್ಲಿಗೇ ನಿಂತಿದ್ದರೆ ಬಿಲ್ವದ ಕಥೆ ಮುಗಿದಂತೆಯೇ. 'ಪ್ರಯೋಜನವಿಲ್ಲ' ಎಂದು ಒಂದು ಸಾಲು ಬರೆದು ಮುಚ್ಚಿಬಿಡಬಹುದಿತ್ತು. ಇವರು ಮುಂದುವರಿದರು. ರೋಗಾಣು ಜೀವಕೋಶಕ್ಕೆ ಅಂಟಿಕೊಳ್ಳುವುದನ್ನು, ಒಳನುಗ್ಗುವುದನ್ನು, ವಿಷ ತಯಾರಿಸುವುದನ್ನು, ಆ ವಿಷ ಜೀವಕೋಶದ ಮೇಲೆ ತನ್ನ ಹಿಡಿಕೆಯನ್ನು ಹುಡುಕಿ ಹಿಡಿಯುವುದನ್ನು ಒಂದೊಂದಾಗಿ ನೋಡಿದರು. ಬಿಲ್ವದ ಕಷಾಯ ಅಂಟುವಿಕೆಯನ್ನೂ ನುಗ್ಗುವಿಕೆಯನ್ನೂ ಗಮನಾರ್ಹವಾಗಿ ತಗ್ಗಿಸಿತು. ಕಾಲರಾ ವಿಷದ ಉತ್ಪತ್ತಿಗೆ ಅಡ್ಡಿಯಾಯಿತು. ಆ ವಿಷವೂ, ಅದರ ದಾಯಾದಿಯಾದ ಇ. ಕೋಲಿಯ ವಿಷವೂ ಹಿಡಿಕೆಯನ್ನು ಹಿಡಿಯದಂತೆ ತಡೆಯಿತು. ಇ. ಕೋಲಿಯ ಇನ್ನೊಂದು ಬಗೆಯ ವಿಷದ ಮೇಲೆ ಏನೂ ಪರಿಣಾಮ ಬೀರಲಿಲ್ಲ. ಬ್ಯಾಕ್ಟೀರಿಯಾ ಅಲ್ಲದ ಜಿಯಾರ್ಡಿಯಾ ಎಂಬ ಜೀವಿಯನ್ನೂ, ಮಕ್ಕಳಿಗೆ ಭೇದಿ ತರುವ ರೋಟಾ ವೈರಸ್ಸನ್ನೂ ನಾಶಮಾಡಿತು. ಮನೆಗೆ ನುಗ್ಗಿದ ಕಳ್ಳನನ್ನು ಕೊಲ್ಲದಿದ್ದರೂ ಚಿಲಕ ಭದ್ರಮಾಡಿ, ಅವನ ಕೈಯ ಆಯುಧ ಮೊಂಡಾಗಿಸಿದ ಹಾಗೆ.

ಮರುವರ್ಷ ಇದೇ ಸಂಶೋಧಕರು ಸೀಬೆಯ ಎಲೆಯ ಫಲಿತಾಂಶ ಪ್ರಕಟಿಸಿದರು. ಸೀಬೆ ಕಾಲರಾ ಮತ್ತು ಶಿಗೆಲ್ಲಾ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದಾಗಿತ್ತು. ವಿಷದ ಉತ್ಪತ್ತಿಯನ್ನೂ ಹಿಡಿತವನ್ನೂ ಕುಗ್ಗಿಸಿತು. ಸೀಬೆ ಅಮೆರಿಕ ಖಂಡದ ಮರ. ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದದ್ದು. ಚರಕ, ಸುಶ್ರುತರು ಅದನ್ನು ಕಂಡವರಲ್ಲ. ಹೊರಗಿನಿಂದ ಬಂದ ಗಿಡದ ಗುಣವನ್ನೂ ನೋಡಿ ಅರಿತು ಮನೆಮದ್ದಿಗೆ ಸೇರಿಸಿಕೊಂಡವರು ನಮ್ಮ ಹಿರಿಯರು. ಮನೆಮದ್ದಿನ ಬುಟ್ಟಿ ಹಿಂದೆಯೂ ಮುಚ್ಚಿದ್ದಲ್ಲ.

ತಿಳಿಯಬೇಕಾದದ್ದು

ವರ್ಲಿಯ ಈ ಫಲಿತಾಂಶವನ್ನು ಅತಿ ಮಾಡಿ ಹೇಳಬಾರದು. ಇದೆಲ್ಲ ನಡೆದದ್ದು ಗಾಜಿನ ತಟ್ಟೆಯಲ್ಲಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ. ಹೊಟ್ಟೆಯ ಆಮ್ಲ ದಾಟಿ ಕರುಳಿಗೆ ಎಷ್ಟು ತಲಪುತ್ತದೆ, ಮಗುವಿಗೆ ಎಷ್ಟು ಕೊಡಬೇಕು ಎಂಬುದನ್ನು ತಟ್ಟೆ ಹೇಳಲಾರದು. ಮರಿಮೊಲದಿಂದ ಮನುಷ್ಯನಿಗೆ ಬರುವಷ್ಟರಲ್ಲಿ ಬರ್ಬೆರಿನ್ನಿಗೆ ಏನಾಯಿತೆಂದು ಮೇಲೆ ನೋಡಿದೆವು. ಆದರೆ ಅಲ್ಲಗಳೆಯುವುದೂ ಸಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಗಳಿಗೆ ಅವು ಬೇಗ ಒಗ್ಗಿಹೋಗುತ್ತಿರುವ ಈ ಕಾಲದಲ್ಲಿ, ಕೊಲ್ಲದೆ ನಿಶ್ಶಸ್ತ್ರಗೊಳಿಸುವ ದಾರಿಯನ್ನು ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಹುಡುಕುತ್ತಿವೆ. ಅಜ್ಜಿಯ ಕಷಾಯ ಆ ದಾರಿಯಲ್ಲಿ ಒಂದು ಗುರುತಿನ ಕಲ್ಲು.

ಹಾಗಾದರೆ ಮನೆಯ ವಾದದಲ್ಲಿ ಗೆದ್ದವರು ಯಾರು? ಭೇದಿಯಾದಾಗ ಮೊದಲ ಮದ್ದು ನೀರು. ಓ.ಆರ್.ಎಸ್. ಪೊಟ್ಟಣ ಉತ್ತಮ, ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು. ಇಲ್ಲಿ ಹೇಳಿದ್ದು ಟೀ ಚಮಚ. ಮಕ್ಕಳಿಗೆ ಸತುವಿನ ಔಷಧಿಯನ್ನು ವೈದ್ಯರು ಕೊಡುತ್ತಾರೆ. ಎಳೆಯ ಕೂಸು, ಮಲದಲ್ಲಿ ರಕ್ತ, ಜ್ವರ, ಗುಳಿಬಿದ್ದ ಕಣ್ಣು, ಒಣಗಿದ ನಾಲಿಗೆ ಇವುಗಳಲ್ಲಿ ಯಾವುದಿದ್ದರೂ ಕಷಾಯ ಕಾಯಿಸುತ್ತ ಕೂರದೆ ವೈದ್ಯರ ಬಳಿ ಓಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಲೆಕ್ಕದಂತೆ ಜಗತ್ತಿನಲ್ಲಿ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿವರ್ಷ ಈ ಬೇನೆಯಿಂದ ಸಾಯುತ್ತಾರೆ. ಇಲ್ಲಿ ಕಿರಿಯರ ಮಾತು ಸರಿ.

ಹಿರಿಯರ ಮಾತಿನಲ್ಲೂ ತಿರುಳಿದೆ. ವರ್ಲಿಯವರಿಗೆ ಹಳೆಯ ತಿಳಿವಳಿಕೆಯಿಂದ ದೊರೆತದ್ದು 'ಬಿಲ್ವ ಒಳ್ಳೆಯದು' ಎಂಬ ಬರಿ ಮಾತಲ್ಲ. ಕಾಯಿಯೋ ಹಣ್ಣೋ, ತೊಗಟೆಯೋ ಎಲೆಯೋ, ಎಷ್ಟು ನೀರು, ಎಷ್ಟಕ್ಕೆ ಇಳಿಸಬೇಕು ಎಂಬ ವಿವರ ದೊರೆತಿತ್ತು. ಪರೀಕ್ಷೆಗೆ ಒದಗಿದ್ದು ಆ ವಿವರ. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮೊದಲು ಕಳೆದುಹೋಗುತ್ತಿರುವುದೂ ಅದೇ. ಮದ್ದಿನ ಹೆಸರು ಮಾತ್ರ ಬಾಯಲ್ಲಿ ಉಳಿದಿದೆ, ಅದೂ ಅರ್ಧ ಮರಾಠಿಯಾಗಿ. ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಮನೆಯ ಹಿರಿಯರ ಬಳಿ ಕುಳಿತು ಇಂತಹ ನಾಲ್ಕು ಮದ್ದುಗಳನ್ನಾದರೂ ಕೇಳಿ ಬರೆದು ತರಲಿ. ಗಿಡದ ಊರಿನ ಹೆಸರು, ಬಳಸುವ ಭಾಗ, ಕೀಳುವ ಕಾಲ, ಮಾಡುವ ಕ್ರಮ, ಯಾರಿಗೆ ಕೊಡಬಾರದು ಎಂಬ ಎಚ್ಚರಿಕೆ, ಇಷ್ಟನ್ನೂ ಬಿಡದೆ ಬರೆದುಕೊಳ್ಳಬೇಕು. ಓರ್ತಾ ಮಾಡಿದ್ದೂ ಅಷ್ಟೇ ಅಲ್ಲವೆ? ಬಲ್ಲವರನ್ನು ಕೇಳಿದ, ಕೇಳಿದ್ದನ್ನು ಬರೆದ; ಒರೆಗೆ ಹಚ್ಚುವ ಕೆಲಸ ಮುಂದಿನವರು ನೋಡಿಕೊಂಡರು.